ಡಿವಿಡಿ ಕೆಟ್ಟಿಲ್ಲ, ಮೊದಲು ಸೆಟ್ಟಿಂಗ್ ನೋಡಿ

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ಕಪಾಟಿನ ತುಂಬ ವರ್ಷಗಳಿಂದ ಕೂಡಿಟ್ಟ ಸಿನಿಮಾ ಡಿವಿಡಿ, ವಿಸಿಡಿಗಳಿವೆ. ಹಳೆಯ ಡಬ್ಬಾ ಟಿವಿ ಕೆಟ್ಟು 43 ಇಂಚಿನ 4ಕೆ ಟಿವಿ ತಂದ ಮೇಲೆ ಯಾವ ಡಿಸ್ಕ್ ಹಾಕಿದರೂ ಚಿತ್ರ ಮಸುಕು, ಎಲ್ಲರ ಮುಖವೂ ಅಗಲ. ಹಾಡು ಕಿವಿಗಡಚಿಕ್ಕುತ್ತದೆ, ಮಾತು ಮಾತ್ರ ಕೇಳಿಸುವುದಿಲ್ಲ. ಅಮೆರಿಕದಲ್ಲಿರುವ ಅಕ್ಕನ ಮಗಳು ತಂದುಕೊಟ್ಟ ಟಿವಿ ಧಾರಾವಾಹಿಯ ಡಿವಿಡಿ ಸೆಟ್ ಓಡುವುದೇ ಇಲ್ಲ. ಒಂದೆರಡು ಡಿಸ್ಕ್ ಪ್ರತಿಸಲ ಅದೇ ಜಾಗದಲ್ಲಿ ನಿಂತುಬಿಡುತ್ತವೆ. ‘ಎಲ್ಲ ಗುಜರಿಗೆ ಹಾಕಿ’ ಎನ್ನುತ್ತಾನೆ ಮಗ. ನಮಗೇನೂ ಮನೆಯಲ್ಲಿ ಥಿಯೇಟರ್ ಬೇಕಿಲ್ಲ. ಭಾನುವಾರ ಊಟವಾದ ಮೇಲೆ ಆರಾಮಾಗಿ ಕೂತು ನೋಡುವಂತಾದರೆ ಸಾಕು. ಏನು ಮಾಡಬೇಕು?
— ಓದುಗರೊಬ್ಬರು, ಶಿರಸಿ

ಉತ್ತರ: ದಯವಿಟ್ಟು ಗುಜರಿಗೆ ಹಾಕಬೇಡಿ. ನೀವು ಬರೆದ ತೊಂದರೆಗಳಲ್ಲಿ ಹೆಚ್ಚಿನವು ಡಿಸ್ಕ್‌ನವಲ್ಲ. ಡಬ್ಬಾ ಟಿವಿಗೆಂದು ಹೊಂದಿಸಿಟ್ಟ ಪ್ಲೇಯರನ್ನು ಹಾಗೇ ತಂದು ಅಗಲ ಟಿವಿಗೆ ಸಿಕ್ಕಿಸಿದ್ದೀರಿ, ಅಷ್ಟೇ. ಒಂದು ಸಂಜೆ ಕೂತು ಎರಡೂ ಕಡೆಯ ಮೆನು ಸರಿಮಾಡಿದರೆ ಮತ್ತೆ ಅದರ ಯೋಚನೆಯೇ ಬೇಡ. ಆರಾಮಾಗಿ ನೋಡುವವರಿಗೇ ಈ ಒಂದು ಸಲದ ಶ್ರಮ ಹೆಚ್ಚು ಮುಖ್ಯ ಎಂದು ನನ್ನ ಅಭಿಪ್ರಾಯ. ರಿಮೋಟ್ ಹಿಡಿದು ಹೆಣಗಾಡುತ್ತಾ ಯಾರೂ ಸಿನಿಮಾ ಸವಿಯಲಾರರು.

ಮೊದಲು ಮುಖ ಅಗಲವಾಗುವ ವಿಷಯ. ಉಳಿದೆಲ್ಲ ಕೊರತೆಗಳಿಗಿಂತ ನನಗೆ ಇದೇ ದೊಡ್ಡದು. ಚಿತ್ರ ಸ್ವಲ್ಪ ಮಸುಕಾಗಿದ್ದರೆ ಹತ್ತು ನಿಮಿಷದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ಆದರೆ ಅಗಲವಾಗಿ ಚಪ್ಪಟೆಯಾದ ಮುಖದಲ್ಲಿ ನಟನ ಅಭಿನಯವೇ ಕೆಡುತ್ತದೆ. ಹಳೆಯ ಟಿವಿಯ ಆಕಾರ 4:3, ಹೊಸದರದ್ದು 16:9. ಮೊದಲನೆಯದನ್ನು ಎಳೆದು ಎರಡನೆಯದರ ತುಂಬ ಹರಡಿದರೆ ಪ್ರತಿಯೊಂದು ಮುಖವೂ ಮೂರನೇ ಒಂದು ಪಾಲು ಅಗಲವಾಗುತ್ತದೆ.

ಪ್ಲೇಯರ್‌ನ ಸೆಟಪ್ ಮೆನುವಿನಲ್ಲಿ ‘ಟಿವಿ ಟೈಪ್’ ಅಥವಾ ‘ಟಿವಿ ಶೇಪ್’ ಎಂಬ ಸಾಲು ಇರುತ್ತದೆ. ಡಬ್ಬಾ ಟಿವಿಯ ಕಾಲದಲ್ಲಿ ಅದನ್ನು ‘4:3 ಲೆಟರ್‌ಬಾಕ್ಸ್’ ಅಥವಾ ‘4:3 ಪ್ಯಾನ್ ಸ್ಕ್ಯಾನ್’ ಎಂದು ಇಟ್ಟಿರುತ್ತೀರಿ. ಈಗ ಅದನ್ನು 16:9ಕ್ಕೆ ಬದಲಿಸಿ. ಲಾಭ ಆಕಾರದ್ದಷ್ಟೇ ಅಲ್ಲ. ನಮ್ಮ ದೇಶದ ಟಿವಿಗಳ ‘ಪಾಲ್’ ಎಂಬ ಪದ್ಧತಿಗೆ ತಕ್ಕ ಡಿವಿಡಿಯಲ್ಲಿ ಮೇಲಿಂದ ಕೆಳಕ್ಕೆ 576 ಗೆರೆಗಳಿವೆ. ಅಗಲ ಪರದೆಗೆಂದೇ ತಯಾರಾದ ಡಿಸ್ಕ್‌ನ ಚಿತ್ರವನ್ನು ಲೆಟರ್‌ಬಾಕ್ಸ್ ಸೆಟ್ಟಿಂಗ್ 432 ಗೆರೆಗಳಿಗೆ ಕುಗ್ಗಿಸಿ, ಮಿಕ್ಕ ಜಾಗಕ್ಕೆ ಕಪ್ಪು ಪಟ್ಟಿ ತುಂಬುತ್ತದೆ. ಅಂದರೆ ಡಿಸ್ಕ್‌ನಲ್ಲಿರುವ ಚಿತ್ರದ ಕಾಲುಭಾಗವನ್ನು ಪ್ಲೇಯರೇ ಚೆಲ್ಲಿ, ಉಳಿದದ್ದನ್ನು ಟಿವಿಗೆ ಕಳಿಸುತ್ತಿದೆ. ನಿಮ್ಮ ‘ಮಸುಕು’ ಎಂಬ ದೂರಿನ ಒಂದು ಪಾಲು ಇಲ್ಲೇ ಬಗೆಹರಿಯುತ್ತದೆ.

ಆಮೇಲೆ ಟಿವಿಯ ರಿಮೋಟ್. ‘ಪಿಕ್ಚರ್ ಸೈಜ್’ ಅಥವಾ ‘ಆಸ್ಪೆಕ್ಟ್ ರೇಷಿಯೊ’ ಎಂಬಲ್ಲಿ 16:9, 4:3, ಜೂಮ್ ಹೀಗೆ ಆಯ್ಕೆಗಳಿರುತ್ತವೆ. ಯಾವ ಡಿಸ್ಕ್‌ಗೆ ಯಾವುದು ಎಂದು ತಿಳಿಯಲು ಚಿತ್ರದಲ್ಲಿ ದುಂಡಗಿನ ವಸ್ತುವೊಂದು ನೇರವಾಗಿ ಕಾಣುವ ಕಡೆ ನಿಲ್ಲಿಸಿ. ಗೋಡೆ ಗಡಿಯಾರ, ಬಂಡಿಯ ಚಕ್ರ, ಹುಣ್ಣಿಮೆ ಚಂದ್ರ ಏನಾದರೂ ಆದೀತು. ಟೇಪು ಹಿಡಿದು ಅದರ ಅಗಲ, ಎತ್ತರ ಅಳೆದುಬಿಡಿ. ಎರಡೂ ಒಂದೇ ಬಂದರೆ ಸೆಟ್ಟಿಂಗ್ ಸರಿ. ಅಗಲವೇ ಹೆಚ್ಚು ಬಂದರೆ 4:3ಕ್ಕೆ ಹೋಗಿ. ಹಾಗೆ ಮಾಡಿದಾಗ ನಾಲ್ಕೂ ಕಡೆ ಕಪ್ಪು ಪಟ್ಟಿ ಬಂದು ನಡುವೆ ಪುಟ್ಟ ಚಿತ್ರ ಉಳಿದರೆ, ಅದು ಸಿನಿಮಾಸ್ಕೋಪ್ (ಬಹಳ ಅಗಲ ಚೌಕಟ್ಟಿನ) ಚಿತ್ರವನ್ನು 4:3 ಚೌಕಟ್ಟಿನೊಳಗೇ ಕೂರಿಸಿ ಅಚ್ಚು ಮಾಡಿದ ಡಿಸ್ಕ್. ನಮ್ಮಲ್ಲಿ ಅಂಥವು ಬೇಕಾದಷ್ಟಿವೆ. ಅದಕ್ಕೆ ಜೂಮ್ ಒತ್ತಿ. ಜೂಮ್ ಎರಡೂ ದಿಕ್ಕಿಗೆ ಸಮನಾಗಿ ಹಿಗ್ಗಿಸುವುದರಿಂದ ಆಕಾರ ಕೆಡುವುದಿಲ್ಲ. ಸಬ್‌ಟೈಟಲ್ ಕೆಳಗಿನ ಪಟ್ಟಿಯಲ್ಲಿದ್ದರೆ ಮಾತ್ರ ಅದು ಕತ್ತರಿಸಿಹೋದೀತು, ಗಮನಿಸಿ.

ಪಕ್ಕದ ಕಪ್ಪು ಪಟ್ಟಿ ಕಂಡು ಬೇಸರ ಮಾಡಿಕೊಳ್ಳುವವರಿಗೆ ಒಂದು ಮಾತು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರವೆಂದು ಹೆಸರಾದ ‘ಸೊಸೆ ತಂದ ಸೌಭಾಗ್ಯ’ ಬಂದದ್ದು 1977ರಲ್ಲಿ. ಅದಕ್ಕಿಂತ ಹಿಂದಿನ ನಮ್ಮ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಹಳೆಯ ಟಿವಿಯಂತೆಯೇ ಇತ್ತು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಕೂಡ ದೂರದರ್ಶನಕ್ಕೆಂದು 4:3ರಲ್ಲೇ ತಯಾರಾದದ್ದು. ಅಂಥವನ್ನು ಅದೇ ಆಕಾರದಲ್ಲಿ ನೋಡಿದರೆ ಕಳೆದುಕೊಳ್ಳುವುದು ಏನೂ ಇಲ್ಲ. ನಿಮ್ಮ ಟಿವಿಯ ಪರದೆ ಸುಮಾರು 53 ಸೆಂಟಿಮೀಟರ್ ಎತ್ತರ, 95 ಸೆಂಟಿಮೀಟರ್ ಅಗಲ. ಅದರಲ್ಲಿ 4:3 ಚಿತ್ರ ಸುಮಾರು 71 ಸೆಂಟಿಮೀಟರ್ ಅಗಲ ಬರುತ್ತದೆ. ಮೂಲೆಯಿಂದ ಮೂಲೆಗೆ ಲೆಕ್ಕ ಹಾಕಿದರೆ 35 ಇಂಚು. ನಮ್ಮ ಹೆಚ್ಚಿನ ಮನೆಗಳಲ್ಲಿದ್ದ 21 ಇಂಚಿನ ಡಬ್ಬಾಕ್ಕಿಂತ ಎಷ್ಟೋ ದೊಡ್ಡದು. ಪಟ್ಟಿ ಇದ್ದರೂ ಚಿತ್ರ ಮೊದಲಿಗಿಂತ ದೊಡ್ಡದೇ ಆಗಿದೆ.

ಇನ್ನು ಮಸುಕು. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿವೆ. ಡಿವಿಡಿಯ ಒಂದು ಚಿತ್ರದಲ್ಲಿ 720 ಗುಣಿಸು 576, ಅಂದರೆ ಸುಮಾರು ನಾಲ್ಕು ಲಕ್ಷ. ಒಂದು ಚುಕ್ಕೆ ಇಪ್ಪತ್ತು ಚುಕ್ಕೆಗಳ ಜಾಗ ತುಂಬಬೇಕು. ವಿಸಿಡಿಯಲ್ಲಿ ಇರುವುದೇ ಸುಮಾರು ಒಂದು ಲಕ್ಷ. ಹಿಡಿ ಅಕ್ಕಿಯನ್ನು ದೊಡ್ಡ ಮೊರದಲ್ಲಿ ಹರಡಿದ ಹಾಗೆ, ತೆಳುವಾಗದೆ ಗತಿಯಿಲ್ಲ. ಇಲ್ಲದ ವಿವರವನ್ನು ಯಾವ ಟಿವಿಯೂ ಹುಟ್ಟಿಸಿಕೊಡಲಾರದು. ಆದರೆ ಕೂರುವ ದೂರ ನಿಮ್ಮ ಕೈಯಲ್ಲೇ ಇದೆ. ನಿಮ್ಮ ಟಿವಿಯಲ್ಲಿ ಡಿವಿಡಿಯ ಒಂದೊಂದು ಗೆರೆಯೂ ಒಂದು ಮಿಲಿಮೀಟರ್‌ಗಿಂತ ಚೂರು ಕಡಿಮೆ ದಪ್ಪ. ಸಾಧಾರಣ ದೃಷ್ಟಿಯುಳ್ಳವರಿಗೆ ಹತ್ತು ಅಡಿ ದೂರದಿಂದ ಅಷ್ಟು ಸಣ್ಣ ಗೆರೆ ಬಿಡಿಯಾಗಿ ಕಾಣುವುದಿಲ್ಲ. ಹಾಗಾಗಿ ಸೋಫಾ ಒಂಬತ್ತು–ಹತ್ತು ಅಡಿ ದೂರದಲ್ಲಿದ್ದರೆ ಒಳ್ಳೆಯ ಡಿವಿಡಿ ಚೆನ್ನಾಗಿಯೇ ಕಾಣುತ್ತದೆ. ವಿಸಿಡಿಗೆ ಈ ಲೆಕ್ಕ ಇಪ್ಪತ್ತು ಅಡಿ ದಾಟುತ್ತದೆ, ಅಷ್ಟು ದೊಡ್ಡ ಹಜಾರ ಯಾರ ಮನೆಯಲ್ಲಿದೆ? ವಿಸಿಡಿಗಳನ್ನು ಲ್ಯಾಪ್‌ಟಾಪ್‌ನ ಪರದೆಯಲ್ಲೇ ನೋಡುವುದು ಹಿತ.

ತಂತಿಯ ಪಾತ್ರವೂ ಇದೆ. ಹಳದಿ ಪಿನ್ನಿನ ತಂತಿಯಲ್ಲಿ ಬೆಳಕು, ಬಣ್ಣ ಎರಡೂ ಬೆರೆತೇ ಬರುತ್ತವೆ. ಟಿವಿ ಅವನ್ನು ಬಿಡಿಸುವಾಗ ಬಣ್ಣದ ಅಂಚುಗಳಲ್ಲಿ ಚುಕ್ಕಿಗಳು ಹರಿದಾಡುತ್ತವೆ. ಪ್ಲೇಯರ್‌ನಲ್ಲಿ ಎಚ್‌ಡಿಎಂಐ ಇದ್ದರೆ ಬೇರೆ ಯೋಚನೆಯೇ ಬೇಡ. ಇಲ್ಲದಿದ್ದರೆ ಹಿಂದೆ ಹಸಿರು, ನೀಲಿ, ಕೆಂಪು ಮೂರು ಕಿಂಡಿಗಳ ಕಾಂಪೊನೆಂಟ್ ಇದೆಯೇ ನೋಡಿ. ಟಿವಿಯಲ್ಲೂ ಅದಿದ್ದರೆ ಹಳದಿಗಿಂತ ಬಹಳ ಮೇಲು. ಈಚಿನ ಕೆಲವು ಟಿವಿಗಳಲ್ಲಿ ಇಯರ್‌ಫೋನ್ ಕಿಂಡಿಯಂಥ ಒಂದೇ ತೂತು ಇರುತ್ತದೆ, ಅದಕ್ಕೆ ಕವಲೊಡೆದ ತಂತಿ ಬೇಕು. ಆ ತಂತಿಯ ಒಳಜೋಡಣೆ ಕಂಪನಿಯಿಂದ ಕಂಪನಿಗೆ ಬೇರೆ. ಅಂಗಡಿಯಿಂದ ತಂದ ತಂತಿಯಲ್ಲಿ ಚಿತ್ರ ಬಾರದೆ ಬರೀ ಗೊರಗೊರ ಸದ್ದು ಬಂದರೆ ಮೂರು ಪಿನ್‌ಗಳನ್ನು ಅದಲುಬದಲು ಮಾಡಿ ನೋಡಿ. ಅಗ್ಗದ ‘ಎವಿ ಟು ಎಚ್‌ಡಿಎಂಐ’ ಡಬ್ಬಿಗಳು ಕೆಲಸವನ್ನೇನೋ ಮಾಡುತ್ತವೆ, ಆದರೆ ಅನೇಕವು 4:3 ಚಿತ್ರವನ್ನು ತಾವೇ 16:9ಕ್ಕೆ ಎಳೆದು ಕಳಿಸುತ್ತವೆ. ಆಗ ಟಿವಿಯಲ್ಲಿ 4:3 ಆರಿಸಿ ಸರಿಮಾಡಿಕೊಳ್ಳಬೇಕು.

ಟಿವಿಯ ಪಿಕ್ಚರ್ ಮೋಡನ್ನು ‘ವಿವಿಡ್’ನಿಂದ ತೆಗೆದು ‘ಸಿನಿಮಾ’ ಅಥವಾ ‘ಮೂವಿ’ಗೆ ಇಡಿ. ಶಾರ್ಪ್‌ನೆಸ್ ಇಳಿಸಿ. ಏರಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ ಎಂದು ತೋರುತ್ತದೆ, ನಿಜಕ್ಕೂ ಅದು ಪ್ರತಿ ಅಂಚಿಗೂ ಬಿಳಿ ಗೆರೆಯೊಂದನ್ನು ಎಳೆಯುತ್ತದೆ, ಡಿವಿಡಿಯ ಚೌಕ ಚೌಕ ಕಲೆಗಳನ್ನೂ ಎತ್ತಿ ತೋರಿಸುತ್ತದೆ. ಟ್ರೂಮೋಷನ್, ಮೋಷನ್‌ಫ್ಲೋ ಮುಂತಾದ ಹೆಸರಿನಲ್ಲಿರುವ ಚಲನೆ ನುಣುಪು ಮಾಡುವ ಸೌಲಭ್ಯವನ್ನು ಪೂರ್ತಿ ಆಫ್ ಮಾಡಿಬಿಡಿ. ಅದು ಸಿನಿಮಾವನ್ನು ಸ್ಟುಡಿಯೊ ಧಾರಾವಾಹಿಯಂತೆ ಮಾಡುತ್ತದೆ.

ಇಷ್ಟು ಮಾಡಿಯೂ ಕೆಲವು ಡಿಸ್ಕ್‌ಗಳು ಚೆನ್ನಾಗಿ ಬರುವುದಿಲ್ಲ, ಅದು ತಯಾರಿಕೆಯ ದೋಷ. ಅದರಲ್ಲೂ ‘ಮೂರು ಚಿತ್ರ ಒಂದೇ ಡಿವಿಡಿಯಲ್ಲಿ’ ಎಂಬವು. ಒಂದೇ ಪದರದ ಡಿವಿಡಿಯಲ್ಲಿ ಹಿಡಿಯುವುದು 4.7 ಜಿಬಿ. ಎರಡೂವರೆ ಗಂಟೆಯ ಒಂದೇ ಚಿತ್ರ ಇದ್ದರೆ ಸೆಕೆಂಡಿಗೆ ಸರಾಸರಿ 4 ಮೆಗಾಬಿಟ್‌ಗಿಂತ ಹೆಚ್ಚು ಮಾಹಿತಿ ಸಿಗುತ್ತದೆ. ಮೂರು ತುರುಕಿದರೆ ಒಂದೊಂದರ ಪಾಲಿಗೆ ಬರುವುದು 1.4 ಮೆಗಾಬಿಟ್. ಅದು ಹೆಚ್ಚುಕಡಿಮೆ ವಿಸಿಡಿಯ ಪ್ರಮಾಣ. ಹೊದಿಕೆ ಡಿವಿಡಿಯದ್ದಾದರೂ ಒಳಗಿರುವುದು ಆ ಮಟ್ಟದ ಚಿತ್ರ. ಅದೇ ಚಿತ್ರ ಒಂಟಿಯಾಗಿ ಬಂದ ಡಿಸ್ಕ್ ಎಲ್ಲಾದರೂ ಸಿಕ್ಕರೆ ತೆಗೆದುಕೊಳ್ಳಿ.

ಮಾತು ಕೇಳಿಸದಿರುವುದಕ್ಕೆ ಕಾರಣ ಬೇರೆ. 5.1 ಎಂಬ, ಆರು ಸ್ಪೀಕರ್‌ಗಳಿಗೆ ಹಂಚಿದ ಧ್ವನಿಯಲ್ಲಿ ಸಂಭಾಷಣೆಯ ಬಹುಪಾಲು ನಡುವಿನ ಸ್ಪೀಕರ್‌ಗೆ ಮೀಸಲು. ಟಿವಿಯ ಎರಡು ಪುಟ್ಟ ಸ್ಪೀಕರ್‌ಗಳಿಗೆ ಎಲ್ಲವನ್ನೂ ಒಟ್ಟಿಗೆ ಸುರಿದಾಗ ಮಾತು ಸಂಗೀತದಲ್ಲಿ ಮುಳುಗುತ್ತದೆ. ಪ್ಲೇಯರ್ ರಿಮೋಟಿನ ‘ಆಡಿಯೊ’ ಗುಂಡಿ ಒತ್ತಿ, ಡಿಸ್ಕ್‌ನಲ್ಲಿ ಎರಡು ಚಾನೆಲ್ಲಿನ ಸ್ಟೀರಿಯೊ ಟ್ರ್ಯಾಕ್ ಇದ್ದರೆ ಅದನ್ನೇ ಆರಿಸಿ. ಇಲ್ಲವಾದರೆ ಸೆಟಪ್‌ನಲ್ಲಿ ಡೌನ್‌ಮಿಕ್ಸನ್ನು ‘ಸ್ಟೀರಿಯೊ’ ಎಂದು ಇಟ್ಟು, ‘ಡಿಆರ್‌ಸಿ’ ಅಥವಾ ‘ನೈಟ್ ಮೋಡ್’ ಹಾಕಿ. ಜೋರಾದದ್ದು ತಗ್ಗಿ, ಮೆಲುಮಾತು ಮೇಲೆ ಬರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಇದೊಂದೇ ಬದಲಾವಣೆ ಎಷ್ಟು ನೆಮ್ಮದಿ ಕೊಡುತ್ತದೆ ಎಂಬುದನ್ನು ಹಾಕಿ ನೋಡಿಯೇ ತಿಳಿಯಬೇಕು.

ಅಮೆರಿಕದ ಸೆಟ್ ಓಡದಿರುವುದು ವಲಯ ಬೀಗದಿಂದ. ಚಿತ್ರಗಳು ಒಂದೊಂದು ದೇಶದಲ್ಲಿ ಒಂದೊಂದು ದಿನ ಬಿಡುಗಡೆಯಾಗುತ್ತಿದ್ದ ಕಾಲದಲ್ಲಿ ದೊಡ್ಡ ಸ್ಟುಡಿಯೊಗಳು ಜಗತ್ತನ್ನು ವಲಯಗಳಾಗಿ ಹಂಚಿ, ಒಂದು ವಲಯದ ಡಿಸ್ಕ್ ಇನ್ನೊಂದರ ಪ್ಲೇಯರ್‌ನಲ್ಲಿ ಓಡದಂತೆ ಮಾಡಿದವು. ಅಮೆರಿಕ 1ನೇ ವಲಯ, ಭಾರತ 5ನೆಯದು. ಡಬ್ಬಿಯ ಹಿಂಬದಿಯಲ್ಲಿ ಪುಟ್ಟ ಭೂಗೋಳದ ಚಿತ್ರದೊಳಗೆ ಆ ಅಂಕಿ ಇರುತ್ತದೆ. ನಮ್ಮಲ್ಲಿ ಮಾರಾಟವಾದ ಅನೇಕ ಪ್ಲೇಯರ್‌ಗಳು ಎಲ್ಲ ವಲಯವನ್ನೂ ಓದುತ್ತವೆ, ಇನ್ನು ಕೆಲವನ್ನು ರಿಮೋಟಿನಲ್ಲಿ ಸಂಖ್ಯೆಯೊಂದನ್ನು ಒತ್ತಿ ಹಾಗೆ ಬದಲಿಸಬಹುದು. ನಿಮ್ಮ ಮಾಡೆಲ್ ಸಂಖ್ಯೆ ಹೇಳಿ ರಿಪೇರಿಯವರನ್ನು ಕೇಳಿ. ಕಂಪ್ಯೂಟರ್ ಡ್ರೈವ್ ಆದರೆ ಎಚ್ಚರ. ಅದರಲ್ಲಿ ವಲಯವನ್ನು ಐದು ಸಲ ಮಾತ್ರ ಬದಲಿಸಲು ಅವಕಾಶ, ಆಮೇಲೆ ಕೊನೆಗೆ ಇಟ್ಟದ್ದೇ ಕಾಯಂ. ಇಂಥ ಸೆಟ್‌ಗಳು ನಿಮ್ಮ ಮನೆಗೆ ಇನ್ನೂ ಬರುವ ಹಾಗಿದ್ದರೆ ಸೆಕೆಂಡ್ ಹ್ಯಾಂಡ್ ಡ್ರೈವ್ ಒಂದನ್ನು 1ಕ್ಕೆಂದೇ ಮೀಸಲಿಡುವುದು ಜಾಣತನ.

ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿ ಈಗ ತೊಡಕಲ್ಲ, ಹೊಸ ಟಿವಿಗಳು ಅದನ್ನೂ ನಮ್ಮ ಪಾಲನ್ನೂ ತೋರಿಸುತ್ತವೆ. ಪ್ಲೇಯರ್‌ನಲ್ಲಿ ‘ಟಿವಿ ಸಿಸ್ಟಮ್’ ಅನ್ನು ‘ಆಟೊ’ಗೆ ಇಟ್ಟರಾಯಿತು. ಹೊರದೇಶದಲ್ಲಿರುವ ನಮ್ಮವರಿಗೂ ಮಾರಬೇಕೆಂದು ಭಾರತದ ಅನೇಕ ಚಲನಚಿತ್ರ ಡಿವಿಡಿಗಳು ಎನ್‌ಟಿಎಸ್‌ಸಿಯಲ್ಲೇ, ವಲಯದ ಬೀಗವಿಲ್ಲದೆ ಬಂದವು. ಎರಡಕ್ಕೂ ಒಂದು ಸೂಕ್ಷ್ಮ ವ್ಯತ್ಯಾಸವಿದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರಗಳಂತೆ, ಪಾಲ್ ಡಿವಿಡಿ 25ರಂತೆ. ಹಾಗಾಗಿ 150 ನಿಮಿಷದ ಚಿತ್ರ ಪಾಲ್ ಡಿಸ್ಕ್‌ನಲ್ಲಿ 144 ನಿಮಿಷಕ್ಕೆ ಮುಗಿಯುತ್ತದೆ, ದನಿಯ ಶ್ರುತಿಯನ್ನು ಸರಿಪಡಿಸಿರದಿದ್ದರೆ ಹಾಡುಗಳೂ ಮುಕ್ಕಾಲು ಸ್ವರಸ್ಥಾನದಷ್ಟು ಮೇಲೇರುತ್ತವೆ. ಸಂಗೀತ ಬಲ್ಲವರು ‘ಇದೇಕೋ ಏರಿದೆ’ ಎಂದು ಗುರುತಿಸುವುದು ಇದನ್ನೇ. ದೃಶ್ಯ ಕತ್ತರಿಸಿದ್ದಾರೆ ಎಂದು ಕೆಲವರು ಅನುಮಾನಿಸುವುದೂ ಈ ಆರು ನಿಮಿಷವನ್ನು ಕಂಡೇ.

ನಿಮ್ಮ ಪ್ಲೇಯರ್ ವಿಸಿಡಿ ಓಡಿಸಿ ಡಿವಿಡಿ ಬೇಡವೆಂದರೆ ಅದರ ಲೇಸರ್ ಸೊರಗಿದೆ ಎಂದರ್ಥ. ಎರಡಕ್ಕೂ ಬೇರೆ ಬೇರೆ ಲೇಸರ್: ವಿಸಿಡಿಗೆ 780 ನ್ಯಾನೊಮೀಟರ್‌ನದು, ಡಿವಿಡಿಗೆ 650ರದು. ಮೊದಲು ಲೆನ್ಸಿನ ದೂಳು ತೆಗೆಸಿ ನೋಡಿ. ಹೊಸದನ್ನೇ ಕೊಳ್ಳುವುದಾದರೆ ಬ್ಲೂ-ರೇ ಪ್ಲೇಯರ್ ಕೂಡ ಡಿವಿಡಿ ಓಡಿಸುತ್ತದೆ, ಆದರೆ ಎಲ್ಲವೂ ವಿಸಿಡಿ ಓದುವುದಿಲ್ಲ. ಅಂಗಡಿಗೆ ಹೋಗುವಾಗ ನಿಮ್ಮದೇ ಒಂದು ವಿಸಿಡಿ ಹಿಡಿದುಕೊಂಡು ಹೋಗಿ ಹಾಕಿಸಿ ನೋಡಿ. ಯುಎಸ್‌ಬಿ ಡಿವಿಡಿ ಡ್ರೈವನ್ನು ನೇರವಾಗಿ ಟಿವಿಗೆ ಸಿಕ್ಕಿಸಿದರೆ ಸಾಮಾನ್ಯವಾಗಿ ಏನೂ ಬರದು. ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಅಲ್ಲಿಂದ ಎಚ್‌ಡಿಎಂಐ ಮೂಲಕ ಟಿವಿಗೆ ಕೊಡಿ. ವಿಂಡೋಸ್ 8ರಿಂದ ಈಚೆಗೆ ಡಿವಿಡಿ ಓಡಿಸುವ ವ್ಯವಸ್ಥೆ ಒಳಗೇ ಬರುವುದಿಲ್ಲ. ವಿಎಲ್‌ಸಿ ಪ್ಲೇಯರ್ ಹಾಕಿಕೊಳ್ಳಿ, ಉಚಿತ, ವಿಸಿಡಿಯನ್ನೂ ಓಡಿಸುತ್ತದೆ. ಹಳೆಯ ಟಿವಿ ಕಾರ್ಯಕ್ರಮಗಳಲ್ಲಿ ಯಾರಾದರೂ ಓಡಿದಾಗ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಂಡರೆ ಅದರಲ್ಲಿ ‘ಡಿಇಂಟರ್‌ಲೇಸ್’ ಆನ್ ಮಾಡಿ.

ಎಸೆಯಬೇಡಿ ಎಂದು ಅಷ್ಟು ಖಡಾಖಂಡಿತವಾಗಿ ಹೇಳಿದ್ದಕ್ಕೆ ಕಾರಣವಿದೆ. 2007ರ ಹೊತ್ತಿಗೆ ಮೋಸರ್ ಬೇಯರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದ ಮೇಲೆ ಹಳೆಯ ಚಿತ್ರಗಳು ಸಾಮಾನ್ಯರ ಮನೆಗಳಿಗೂ ಬಂದವು. ಆ ಕಾಲ ಮುಗಿಯಿತು. ಅಮೆರಿಕದಲ್ಲಿ 1998ರಿಂದ ಅಂಚೆಯಲ್ಲಿ ಡಿವಿಡಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್‌ನಲ್ಲಿ ಆ ಸೇವೆ ನಿಲ್ಲಿಸಿತು. ಆನ್‌ಲೈನ್‌ನಲ್ಲಿ ಚಿತ್ರವಿರುವುದು ಹಕ್ಕಿನ ಅವಧಿ ಇರುವವರೆಗೆ, ಇಂದು ಇದ್ದದ್ದು ನಾಳೆ ಹೋಗಬಹುದು. ಹಳೆಯ ಕನ್ನಡ ಚಿತ್ರಗಳ ವಿಷಯದಲ್ಲಂತೂ ಅಂತರ್ಜಾಲವನ್ನು ನಂಬಿ ಕಪಾಟು ಖಾಲಿ ಮಾಡಬಾರದು. ನಿಮ್ಮಲ್ಲಿರುವ ಡಿಸ್ಕನ್ನು ನಿಮ್ಮನ್ನು ಕೇಳದೆ ಯಾರೂ ಹಿಂದಕ್ಕೆ ಪಡೆಯಲಾರರು. (ಇದು ಮನೆಯಲ್ಲಿ ಕೂತು ನೋಡುವ ಮಾತು. ಬಡಾವಣೆಯ ಸಭಾಂಗಣದಲ್ಲಿ ಹತ್ತಾರು ಜನರಿಗೆ ತೋರಿಸಲು ಹಕ್ಕುದಾರರ ಅನುಮತಿ ಬೇಕು.)

ಕಪಾಟಿನಲ್ಲಿ ಮದುವೆ, ಉಪನಯನ, ಗೃಹಪ್ರವೇಶದ ಡಿಸ್ಕ್‌ಗಳೂ ಇದ್ದೇ ಇರುತ್ತವೆ. ಅವನ್ನು ಇವತ್ತೇ ಬೇರೆ ತೆಗೆದಿಡಿ. ತಿರುಗಿಸಿ ನೋಡಿದರೆ ಅಂಗಡಿಯ ಸಿನಿಮಾ ಡಿಸ್ಕ್‌ನ ಹಿಂಬದಿ ಬೆಳ್ಳಿ ಅಥವಾ ತಿಳಿ ಹೊಂಬಣ್ಣ, ಸ್ಟುಡಿಯೊದವರು ಬರ್ನ್ ಮಾಡಿ ಕೊಟ್ಟದ್ದು ನೇರಳೆ ಛಾಯೆ. ಆ ನೇರಳೆ ಒಂದು ಸಾವಯವ ಬಣ್ಣ. ಬಿಸಿಲು, ಸೆಕೆ, ವರ್ಷಗಳು ಸೇರಿ ಅದನ್ನು ಮಾಸಿಸುತ್ತವೆ, ಮಾಸಿದ ಮೇಲೆ ಒಳಗಿದ್ದದ್ದು ಹೋದಂತೆಯೇ. ಸಿನಿಮಾ ಇನ್ನೊಂದು ಪ್ರತಿ ಸಿಕ್ಕೀತು, ನಿಮ್ಮ ಮದುವೆಯದ್ದು ಸಿಗದು. ಕಂಪ್ಯೂಟರ್‌ಗೆ ಹಾಕಿ ‘ವಿಡಿಯೊ ಟಿಎಸ್’ ಎಂಬ ಫೋಲ್ಡರನ್ನು ಇಡಿಯಾಗಿ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಬೇರೆ ರೂಪಕ್ಕೆ ಬದಲಿಸುವ ಗೋಜು ಬೇಡ. ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಇಟ್ಟು ಒಂದನ್ನು ಮಗನ ಮನೆಯಲ್ಲಿಡಿ.

ಶಿರಸಿಯ ಮಳೆಗಾಲ ಡಿಸ್ಕ್‌ಗಿಂತ ಮೊದಲು ಹೊದಿಕೆಯ ಕಾಗದಕ್ಕೆ ಬೂಷ್ಟು ಹಿಡಿಸುತ್ತದೆ, ಪ್ಲಾಸ್ಟಿಕ್ ಪಾಕೀಟನ್ನು ಡಿಸ್ಕ್‌ಗೆ ಅಂಟಿಸುತ್ತದೆ. ಗಟ್ಟಿ ಡಬ್ಬಿಯಲ್ಲಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಗೋಡೆಗೆ ತಾಗದಂತೆ ಇಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ಡಿವಿಡಿ ಎಂದರೆ 0.6 ಮಿಲಿಮೀಟರಿನ ಎರಡು ಬಿಲ್ಲೆಗಳನ್ನು ಅಂಟಿಸಿದ್ದು, ಮಾಹಿತಿ ನಡುವೆ ಭದ್ರವಾಗಿರುತ್ತದೆ. ವಿಸಿಡಿಯಲ್ಲಿ ಅದು ಇರುವುದು ಹೆಸರು ಬರೆದಿರುವ ಮೇಲ್ಮೈಯ ಕೆಳಗೇ, ತೆಳು ಲೇಪದ ಅಡಿಯಲ್ಲಿ. ಎಲ್ಲರೂ ಹೊಳೆಯುವ ಬದಿಯನ್ನು ಕಾಪಾಡುತ್ತಾರೆ, ವಿಸಿಡಿ ಸಾಯುವುದು ಮಾತ್ರ ಮೇಲಿನ ಗೀರಿನಿಂದ. ಬೆಳಕಿಗೆ ಹಿಡಿದಾಗ ಸೂಜಿ ಮೊನೆಯಷ್ಟು ಬೆಳಕು ಆರಪಾರ ಕಂಡರೆ ಅಲ್ಲಿನ ಮಾಹಿತಿ ಉದುರಿಹೋಗಿದೆ, ಯಾವ ಒರೆಸುವಿಕೆಯೂ ಅದನ್ನು ತರಲಾರದು.

ಕೊನೆಗೆ ಅದೇ ಜಾಗದಲ್ಲಿ ನಿಲ್ಲುವ ಡಿಸ್ಕ್‌ಗಳು. ಚಿತ್ರದ ನಡುಭಾಗದಲ್ಲೆಲ್ಲೋ ಒಂದೇ ಸಲ, ಅರೆಕ್ಷಣ ತಡೆದು ಮುಂದುವರಿದರೆ ಅದು ದೋಷವಲ್ಲ, ಎರಡು ಪದರದ ಡಿಸ್ಕ್‌ನಲ್ಲಿ ಲೇಸರ್ ಪದರ ಬದಲಿಸುವ ಹೊತ್ತು. ಪೂರ್ತಿ ನಿಂತೇಬಿಟ್ಟರೆ ಗೀರು ಅಥವಾ ಕೊಳೆ. ಒಂದು ಹನಿ ಪಾತ್ರೆ ಸೋಪು ಬೆರೆಸಿದ ನೀರಲ್ಲಿ ಮೆತ್ತನೆಯ ಹತ್ತಿ ಬಟ್ಟೆ ಅದ್ದಿ ಹಿಂಡಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಬಾರದು. ಮಾಹಿತಿ ಸುರುಳಿಯಾಗಿ ಸುತ್ತಿರುವುದರಿಂದ ಅಡ್ಡ ಗೀರು ತಾಗಿದರೆ ಪ್ರತಿ ಸುತ್ತಿನಲ್ಲೂ ಚೂರೇ ಚೂರು ಹಾಳಾಗುತ್ತದೆ, ಪ್ಲೇಯರ್ ಅದನ್ನು ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ಸುತ್ತಿನ ಜೊತೆಗೇ ಸಾಗುವ ಗೀರು ಒಂದೇ ಕಡೆ ಉದ್ದಕ್ಕೂ ನುಂಗಿಬಿಡುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜುವ ಉಪಾಯ ಬೇಡ. ಆಗಲೂ ನಿಂತರೆ ಬೇರೆ ಪ್ಲೇಯರ್ ಅಥವಾ ಲ್ಯಾಪ್‌ಟಾಪ್ ಡ್ರೈವಿನಲ್ಲಿ ಹಾಕಿ ನೋಡಿ, ಒಂದು ಓದದ್ದನ್ನು ಇನ್ನೊಂದು ಎಷ್ಟೋ ಸಲ ಓದುತ್ತದೆ. ಅದೂ ಆಗದಿದ್ದರೆ ‘ನೆಕ್ಸ್ಟ್’ ಒತ್ತಿ ಮುಂದಿನ ಅಧ್ಯಾಯಕ್ಕೆ ಹೋಗಿ, ಅಲ್ಲಿಂದ ನಿಧಾನವಾಗಿ ಹಿಂದಕ್ಕೆ ಓಡಿಸುತ್ತಾ ಬನ್ನಿ. ಹೆಚ್ಚಿನ ಸಲ ತಪ್ಪಿಹೋಗುವುದು ಒಂದೆರಡು ನಿಮಿಷ ಮಾತ್ರ, ಉಳಿದ ಚಿತ್ರ ಸಲೀಸಾಗಿ ಓಡುತ್ತದೆ.